ಅಸಲಿಯಲ್ಲ, ಮೋಸವೂ ಅಲ್ಲ: ನಮ್ಮ ಚಾವಡಿಯ ಒಂದು ಖಡ್ಗ

ನಮ್ಮ ಮನೆಗೆ ಮೊದಲ ಬಾರಿ ಬಂದವರು ಚಾವಡಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ. "ಇದು ಯಾವ ಭೂತದ ಕಡ್ಸಲೆ ಮಾರಾಯ್ರೇ? ಮನೆಯೊಳಗೆ ಹೀಗೆ ಇಡಬಹುದೋ?"

ಅಜ್ಜನ ಭಾವಚಿತ್ರದ ಪಕ್ಕದಲ್ಲಿ ಎರಡು ಮರದ ಗೂಟಗಳ ಮೇಲೆ ಅಡ್ಡವಾಗಿ ಮಲಗಿರುವ ಆ ಆಯುಧ ಯಾವ ಭೂತದ್ದೂ ಅಲ್ಲ, ಯಾವ ಅರಸನದ್ದೂ ಅಲ್ಲ. ಅದು ಹದಿನಾರನೆಯ ಶತಮಾನದ ಜರ್ಮನ್ ಕುದುರೆ ಸವಾರರು ಸೊಂಟಕ್ಕೆ ಕಟ್ಟುತ್ತಿದ್ದ ಖಡ್ಗದ ಪ್ರತಿಕೃತಿ. ಕೈಯಲ್ಲಿ ಬಡಿದು, ಕೈಯಲ್ಲಿ ಉಜ್ಜಿ ಮಾಡಿದ್ದು. ಹಾಗೆಂದು ಹೇಳಿದಾಗ ಕೆಲವರ ಮುಖ ಅರಳುತ್ತದೆ, ಹೆಚ್ಚಿನವರ ಮುಖ ಬಾಡುತ್ತದೆ. "ಓ, ಅಸಲಿ ಅಲ್ಲವೋ!" ಎಂದು ಲೋಟ ಎತ್ತಿಕೊಳ್ಳುತ್ತಾರೆ. ನಮ್ಮ ಮನೆಯಾಕೆಯ ಅಭಿಪ್ರಾಯ ಇನ್ನೂ ಸಂಕ್ಷಿಪ್ತ: "ಒಂದು ಸೌತೆಕಾಯಿ ಹೆಚ್ಚಲೂ ಆಗದ ವಸ್ತು. ಇದಕ್ಕಿಂತ ನನ್ನ ಮೆಟ್ಟುಕತ್ತಿ ಮೇಲು."

ಅಸಲಿಯಲ್ಲದ ಈ ವಸ್ತುವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುವುದೇಕೆ ಎಂದು ಕೇಳುವವರಿಗೆ ಕೂತಲ್ಲಿ ನಿಂತಲ್ಲಿ ಉತ್ತರ ಹೇಳಿ ನಮಗೆ ಸಾಕಾಗಿದೆ. ಆದುದರಿಂದ ಓದುಗರ ಮುಂದೆ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಬಿಡುತ್ತೇವೆ.

ಮೊದಲು ಕೊಂಡದ್ದು, ಕೈಗೆ ಬಂದದ್ದು

ಗೋಡೆಯಲ್ಲಿ ಈಗ ಇರುವುದು ನಾವು ಕೊಂಡ ಎರಡನೆಯ ಖಡ್ಗ. ಮೊದಲನೆಯದನ್ನು ಒಂದು ದೊಡ್ಡ ನಗರದ ಅಂಗಡಿಯಲ್ಲಿ ಕೊಂಡಿದ್ದೆವು. ಕನ್ನಡಿಯಂತೆ ಹೊಳೆಯುವ ಸ್ಟೈನ್‌ಲೆಸ್ ಸ್ಟೀಲ್ ಅಲಗು, ಚಿನ್ನದ ಬಣ್ಣದ ಹಿಡಿ, ಕೆಂಪು ಮಖಮಲ್ಲಿನ ಒರೆ. ಬೆಲೆಯೂ ಸಸಾರ. "ಹಳೆಯ ಕಾಲದ್ದನ್ನೇ ನೋಡಿ ಮಾಡಿದ್ದು" ಎಂದು ಅಂಗಡಿಯಾತ ಹೇಳಿದ, ನಾವು ನಂಬಿದೆವು. ಎರಡು ವರ್ಷ ಅದು ಗೋಡೆಯಲ್ಲಿ ತೆಪ್ಪಗೆ ಇತ್ತು.

ಒಂದು ದೀಪಾವಳಿಯ ದಿನ ಅಕ್ಕನ ಮಗ ಅದನ್ನು ಅಂಗಳಕ್ಕೆ ಒಯ್ದು, ಗೊನೆ ಕಡಿದು ನಿಂತಿದ್ದ ಬಾಳೆಯ ಮೇಲೆ ಬೀಸಿದ. ನಾವೂ ಜಗಲಿಯಲ್ಲಿ ನಿಂತು ನಗುತ್ತಿದ್ದೆವು ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡನೆಯ ಬೀಸಿಗೆ ಹಿಡಿ ಅವನ ಕೈಯಲ್ಲೇ ಉಳಿಯಿತು, ಅಲಗು ಸುಯ್ಯನೆ ಹಾರಿಹೋಯಿತು. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ನಮ್ಮ ಮಗಳಿಂದ ಒಂದು ಮಾರು ದೂರದಲ್ಲಿ ಅದು ಕಲ್ಲಿಗೆ ಬಡಿದು ಬಿತ್ತು. ಯಾರೂ ಮಾತಾಡಲಿಲ್ಲ. ಹುಡುಗ ನಡುಗುತ್ತಿದ್ದ. ಮಗಳ ಕೈಯಿಂದ ಹಗ್ಗ ಜಾರಿ ಕೊಡಪಾನ ಬಾವಿಗೆ ಬಿದ್ದ ಸದ್ದು ನಮಗೆ ಈಗಲೂ ಕೇಳಿಸುತ್ತದೆ.

ಮರುದಿನ ತುಂಡುಗಳನ್ನು ಊರಿನ ಆಚಾರಿಯವರ ಕೊಟ್ಟಿಗೆಗೆ ಒಯ್ದೆವು. ಅವರು ಹಿಡಿಯನ್ನು ಬಿಚ್ಚಿ ತೋರಿಸಿದರು. ಮೂರಡಿ ಉದ್ದದ ಆ ಅಲಗು ಹಿಡಿಯೊಳಗೆ ಹೋಗುವಲ್ಲಿ ಪೆನ್ಸಿಲಿನಷ್ಟು ದಪ್ಪದ ಒಂದು ಸರಳು ಮಾತ್ರ ಇತ್ತು. ಅದನ್ನೂ ಬೆಸುಗೆ ಹಾಕಿ ಅಂಟಿಸಿ, ತುದಿಗೆ ತಿರುಪು ಕೊರೆದಿದ್ದರು. ಬೆಸುಗೆಯ ಜಾಗದಲ್ಲೇ ಮುರಿದಿತ್ತು. "ನಮ್ಮ ಹತ್ತು ರೂಪಾಯಿಯ ಹುಲ್ಲುಕತ್ತಿಗೂ ನಾವು ಹೀಗೆ ಮಾಡುವುದಿಲ್ಲ. ಇದು ಕತ್ತಿಯಲ್ಲ ಮಾರಾಯ್ರೇ, ಕತ್ತಿಯ ಚಿತ್ರ" ಎಂದರು ಆಚಾರಿಯವರು.

ಚಿತ್ರವನ್ನು ಬಿಟ್ಟು ನಿಜವಾದ ಖಡ್ಗ ಹೇಗಿರುತ್ತಿತ್ತು ಎಂದು ತಿಳಿಯುವ ಆಸೆ ನಮಗೆ ಹುಟ್ಟಿದ್ದು ಅಂದು.

ಕಪ್ಪು ಸವಾರರು

ಯುರೋಪಿನಲ್ಲಿ ಹದಿನಾರನೆಯ ಶತಮಾನದ ನಡುವಿಗೆ ಕುದುರೆ ಸೈನ್ಯದ ರೂಪವೇ ಬದಲಾಯಿತು. ಮೈತುಂಬ ಕವಚ ತೊಟ್ಟು, ಉದ್ದನೆಯ ಭರ್ಜಿ ಹಿಡಿದು ನುಗ್ಗುತ್ತಿದ್ದ ಹಳೆಯ ಸರದಾರರ ಜಾಗಕ್ಕೆ ಜರ್ಮನ್ ನಾಡುಗಳಿಂದ ಹೊಸ ಬಗೆಯ ಬಾಡಿಗೆ ಸವಾರರು ಬಂದರು. ಇವರನ್ನು 'ರೈಟರ್' ಎಂದು ಕರೆಯುತ್ತಿದ್ದರು; ಜರ್ಮನ್ ಭಾಷೆಯಲ್ಲಿ ಸವಾರ ಎಂದಷ್ಟೇ ಅದರ ಅರ್ಥ. ಕವಚಕ್ಕೆ ಕಪ್ಪು ಬಳಿದುಕೊಳ್ಳುತ್ತಿದ್ದುದರಿಂದ 'ಕಪ್ಪು ಸವಾರರು' ಎಂಬ ಹೆಸರೂ ಬಂತು. ಕಪ್ಪು ಬಣ್ಣ ಹೆದರಿಸಲಿಕ್ಕೆ ಮಾತ್ರವಲ್ಲ, ತುಕ್ಕು ತಡೆಯಲಿಕ್ಕೂ ಆಗುತ್ತಿತ್ತು.

ಇವರ ಮುಖ್ಯ ಆಯುಧ ಪಿಸ್ತೂಲು. ಉರಿಯುವ ಬತ್ತಿಯಿಂದ ಹೊತ್ತಿಸುವ ಹಳೆಯ ಬಂದೂಕನ್ನು ಓಡುವ ಕುದುರೆಯ ಮೇಲೆ ಬಳಸುವುದು ಕಷ್ಟ. ಗಡಿಯಾರದಂತೆ ಕೀಲಿ ಕೊಟ್ಟ ಉಕ್ಕಿನ ಚಕ್ರ ತಿರುಗಿ, ಕಲ್ಲಿಗೆ ಉಜ್ಜಿ ಕಿಡಿ ಹಾರಿಸುವ ಪಿಸ್ತೂಲು ಬಂದ ಮೇಲೆ ಆ ತೊಂದರೆ ತಪ್ಪಿತು. ಸಾಲುಸಾಲಾಗಿ ಬಂದು, ಗುಂಡು ಹಾರಿಸಿ, ತಿರುಗಿ ಹಿಂದೆ ಹೋಗಿ ಮದ್ದು ತುಂಬಿಕೊಳ್ಳುವುದು ಅವರ ಕ್ರಮ. ಫ್ರಾನ್ಸಿನಲ್ಲಿ 1562ರಿಂದ 1598ರ ತನಕ ನಡೆದ ಧರ್ಮಯುದ್ಧಗಳಲ್ಲಿ ಇವರು ಎರಡೂ ಪಕ್ಷಗಳಿಗೆ ಸಂಬಳಕ್ಕಾಗಿ ಹೋರಾಡಿದರು. 1562ರ ಡ್ರೂ ಕಾಳಗದಲ್ಲೂ 1569ರ ಮೋಂಕೋಂತೂರ್ ಕಾಳಗದಲ್ಲೂ ಇವರಿದ್ದರು.

ಆ ಯುದ್ಧಗಳಲ್ಲಿ ಕಾದಾಡಿದ ಫ್ರಾನ್ಸುವಾ ದ ಲಾ ನೂ ಎಂಬ ದಳಪತಿ 1587ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭರ್ಜಿ ಹಿಡಿದ ಸರದಾರರಿಗಿಂತ ಪಿಸ್ತೂಲು ಹಿಡಿದ ರೈಟರ್ ದಳವೇ ಮೇಲೆಂದು ವಾದಿಸಿದ್ದಾನೆ. ಈತನ ಎಡಗೈ 1570ರಲ್ಲಿ ಹೋಯಿತು. ಕಬ್ಬಿಣದ ಕೈ ಮಾಡಿಸಿಕೊಂಡು, ಅದರಲ್ಲೇ ಲಗಾಮು ಸಿಕ್ಕಿಸಿ ಮತ್ತೆ ಕುದುರೆ ಹತ್ತಿದ. 'ಉಕ್ಕಿನ ತೋಳಿನವ' ಎಂದೇ ಅವನಿಗೆ ಅಡ್ಡಹೆಸರು.

ಪಿಸ್ತೂಲುಗಳು ಬರಿದಾದ ಮೇಲೆ, ಮದ್ದು ತುಂಬಲು ಹೊತ್ತಿಲ್ಲದಾಗ ಸವಾರನ ಕೈಗೆ ಬರುತ್ತಿದ್ದುದು ಖಡ್ಗ. ಎಡಗೈ ಲಗಾಮಿಗೆ ಮೀಸಲು. ಆದುದರಿಂದ ಅದು ಒಂದೇ ಕೈಯಲ್ಲಿ ಆಡಬೇಕು. ಕವಚದ ಸಂದಿಗೆ ತಿವಿಯಲು ತುದಿ ಮೊನಚಾಗಿರಬೇಕು, ಕುದುರೆಯ ಮೇಲಿಂದ ಕಡಿಯಲು ಅಲಗು ಅಗಲವಿರಬೇಕು. ಈ ಬೇಡಿಕೆಗಳ ನಡುವಿನ ಒಪ್ಪಂದವೇ ನಮ್ಮ ಗೋಡೆಯ ಮೇಲಿನ ಆಕಾರ.

ಹಿಡಿಯ ಬಳೆಗಳು

ನೋಡಿದವರ ಕಣ್ಣು ಮೊದಲು ಹೋಗುವುದು ಹಿಡಿಯ ಸುತ್ತಲಿನ ಬಳೆಗಳಿಗೆ. ಇದು ಅಲಂಕಾರವೆಂದೇ ನಾವೂ ತಿಳಿದಿದ್ದೆವು. ನಿಜ ಸಂಗತಿ ಬೇರೆ. ಹಳೆಯ ಖಡ್ಗಗಳಲ್ಲಿ ಅಲಗಿಗೂ ಹಿಡಿಗೂ ನಡುವೆ ಒಂದು ಅಡ್ಡಪಟ್ಟಿ ಮಾತ್ರ ಇರುತ್ತಿತ್ತು. ತಿವಿತಕ್ಕೆ ಹಿಡಿತ ಬಿಗಿಯಾಗಲೆಂದು ಯೋಧರು ತೋರುಬೆರಳನ್ನು ಅಡ್ಡಪಟ್ಟಿಯ ಆಚೆಗೆ, ಅಲಗಿನ ಬುಡದ ಮೇಲೆ ಚಾಚತೊಡಗಿದರು. ಹಾಗೆ ಹೊರಬಂದ ಬೆರಳನ್ನು ಕಾಯಲು ಒಂದು ಕಬ್ಬಿಣದ ಕೊಂಡಿ ಬಂತು. ಕೊಂಡಿಗೆ ಜೊತೆ ಬಂತು. ಕೈಯ ಹೊರಮೈಗೆ ಪಕ್ಕದ ಬಳೆ, ಬೆರಳ ಗೆಣ್ಣುಗಳಿಗೆ ಬಾಗಿದ ಪಟ್ಟಿ. ಹೀಗೆ ಒಂದೊಂದು ಗಾಯಕ್ಕೆ ಒಂದೊಂದು ಬಳೆ ಸೇರುತ್ತಾ ನೂರು ವರ್ಷಗಳಲ್ಲಿ ಕೈಗೊಂದು ಪಂಜರವೇ ಆಯಿತು. ಇಂಗ್ಲೆಂಡಿನ ಎ. ವಿ. ಬಿ. ನಾರ್ಮನ್ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಹಿಡಿಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಹಳೆಯ ಚಿತ್ರಪಟಗಳಲ್ಲಿ ಶ್ರೀಮಂತರ ಸೊಂಟದಲ್ಲಿ ಕಾಣುವ ಖಡ್ಗಗಳನ್ನು ನೋಡಿ ಕಾಲ ನಿರ್ಣಯಿಸಿದ ಅವರ ತಾಳ್ಮೆ ದೊಡ್ಡದು.

ಇನ್ನು ತೂಕದ ಮಾತು. "ಎತ್ತಲಿಕ್ಕೆ ಇಬ್ಬರು ಬೇಕೇನೋ" ಎಂದು ಬಂದವರು ಹೇಳುವುದುಂಟು. ಸಿನೆಮಾ ಮತ್ತು ಕಥೆಗಳಿಂದ ಬಂದ ತಪ್ಪು ಕಲ್ಪನೆ ಇದು. ಒಂದೇ ಕೈಯ ಖಡ್ಗಗಳು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋದ ಒಳಗೆ. ನಮ್ಮದರ ಅಲಗು 93 ಸೆಂಟಿಮೀಟರ್, ತೂಕ 1 ಕಿಲೋ 300 ಗ್ರಾಂ. ಸುಲಿದ ಎರಡು ಮೂರು ತೆಂಗಿನಕಾಯಿಗಳಷ್ಟು! ತೂಕಕ್ಕಿಂತ ಮುಖ್ಯವಾದದ್ದು ಅದು ಎಲ್ಲಿ ಕುಳಿತಿದೆ ಎಂಬುದು. ಬೆರಳ ಮೇಲಿಟ್ಟರೆ ನಮ್ಮ ಖಡ್ಗ ಅಡ್ಡಪಟ್ಟಿಯಿಂದ ನಾಲ್ಕೇ ಬೆರಳು ಮುಂದೆ ಸಮತೂಕ ಹಿಡಿಯುತ್ತದೆ. ಅಲಗಿನ ದಪ್ಪ ಬುಡದಲ್ಲಿ ಆರು ಮಿಲಿಮೀಟರ್, ತುದಿಯ ಬಳಿ ಎರಡು. ನಡುವೆ ಕೊರೆದಿರುವ ತೋಡು ರಕ್ತ ಹರಿಯಲಿಕ್ಕೆಂದು ಜನ ಹೇಳುತ್ತಾರೆ. ಹಾಗಲ್ಲ, ಅಲಗಿನ ಬಲ ಕುಂದದಂತೆ ತೂಕ ಇಳಿಸುವ ಉಪಾಯ ಅದು. ಹಿಡಿಯ ತುದಿಯ ಗುಂಡು ಹಿಂದಿನಿಂದ ಭಾರ ಕೊಟ್ಟು ಮುಂದಿನ ಅಲಗನ್ನು ಹಗುರಾಗಿಸುತ್ತದೆ. ಮುರಿದುಹೋದ ನಮ್ಮ ಮೊದಲ ಖಡ್ಗ ಬುಡದಿಂದ ತುದಿಯ ತನಕ ಒಂದೇ ದಪ್ಪವಿತ್ತು. ಹಿಡಿದರೆ ಕಬ್ಬಿಣದ ಪಟ್ಟಿ ಹಿಡಿದಂತೆ ಮಣಿಗಂಟು ನೋಯುತ್ತಿತ್ತು.

ಹನ್ನೊಂದು ತಿಂಗಳು

ಇಂಥ ಖಡ್ಗ ಮಾಡುವವರು ನಮ್ಮ ದೇಶದಲ್ಲೇ ಇದ್ದಾರೆಂದು ತಿಳಿದಾಗ ನಮಗೂ ಆಶ್ಚರ್ಯವಾಯಿತು. ಡೆಹರಾಡೂನಿನಲ್ಲಿ 1943ರಲ್ಲಿ ಆರಂಭವಾದ ವಿಂಡ್‌ಲಾಸ್ ಸಂಸ್ಥೆ ಮೊದಲು ಗೂರ್ಖಾ ಸೈನಿಕರಿಗೆ ಕುಕ್ರಿ ಮಾಡಿಕೊಡುತ್ತಿತ್ತು. ಬಳಿಕ ಹಳೆಯ ಯುರೋಪಿಯನ್ ಖಡ್ಗಗಳ ಪ್ರತಿಕೃತಿ ಮಾಡಿ ಪಶ್ಚಿಮದ ದೇಶಗಳಿಗೇ ಮಾರಿತು. ನಮ್ಮದು ಕಾರ್ಖಾನೆಯದಲ್ಲ. ಆ ಕಡೆಯ ಒಬ್ಬ ಕೆಲಸಗಾರ, ಒಂದೇ ಕುಲುಮೆ. ಬೆಲೆ ಒಂದು ಒಳ್ಳೆಯ ಹಾಲು ಕೊಡುವ ಹಸುವಿನಷ್ಟು. ಕಾದದ್ದು ಹನ್ನೊಂದು ತಿಂಗಳು. ಮನೆಯಲ್ಲಿ ಹಸುವಿನ ಹೆಸರೆತ್ತಿದಾಗಲೆಲ್ಲ ನಾವು ಮಾತು ಬದಲಿಸುತ್ತಿದ್ದೆವು.

ಅಲಗಿಗೆ ಆತ ಆರಿಸಿದ್ದು ಸ್ಪ್ರಿಂಗಿಗೆ ಬಳಸುವ ಜಾತಿಯ ಉಕ್ಕು. ಕಾಯಿಸಿ ಬಡಿದು ರೂಪ ಕೊಟ್ಟ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು ಮೊದಲ ಹದ. ಆಗ ಉಕ್ಕು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಒಡೆಯಲೂಬಹುದು. ಮತ್ತೆ ಸಣ್ಣ ಶಾಖದಲ್ಲಿ ಕಾಯಿಸಿ ಗಡಸುತನವನ್ನು ಸ್ವಲ್ಪ ಇಳಿಸುವುದು ಎರಡನೆಯ ಹದ. ಆಗ ಬಗ್ಗಿಸಿದರೆ ಬಗ್ಗಿ, ಬಿಟ್ಟರೆ ನೆಟ್ಟಗಾಗುತ್ತದೆ. ಅಲಗಿನ ಬಾಲ ಅಗಲವಾಗಿಯೇ ಹಿಡಿಯೊಳಗೆ ಹಾದು, ಗುಂಡಿನ ಆಚೆ ಹೊರಬಂದು, ಅಲ್ಲಿ ಬಡಿದು ಮೊಳೆಯ ತಲೆಯಂತೆ ಚಪ್ಪಟೆ ಮಾಡಲಾಗಿದೆ. ತಿರುಪಿಲ್ಲ, ಬೆಸುಗೆಯಿಲ್ಲ. ಮರದ ಹಿಡಿಗೆ ಹೆಣೆದ ತಂತಿಯ ಸುತ್ತು. ಹಿಡಿಯ ಬಳೆಗಳಿಗೆ ಎಣ್ಣೆ ಸುಟ್ಟು ಹಿಡಿಸಿದ ಕಪ್ಪು. ಅಂಚು ಮಾತ್ರ ಹರಿತವಿಲ್ಲ. ಬಾವಿಕಟ್ಟೆಯ ಆ ದಿನದ ನಂತರ ಹರಿತದ ಆಸೆ ನಮಗೆ ಉಳಿದಿರಲಿಲ್ಲ.

ಖಡ್ಗ ಕೊಳ್ಳುವ ಆಸೆ ಹುಟ್ಟಿದ ಓದುಗರಿಗೆ ಒಂದು ಸೂಚನೆ. 1959ರ ಆಯುಧ ಕಾಯ್ದೆ ಖಡ್ಗಗಳಿಗೂ ಅನ್ವಯಿಸುತ್ತದೆ. ಹಣ ಕೊಡುವ ಮೊದಲೇ ಠಾಣೆಗೆ ಹೋಗಿ ವಿಚಾರಿಸಿ. ನಾವು ಹೋಗಿದ್ದೆವು. ವಸ್ತು ಮನೆಗೆ ಬಂದ ಮೇಲೆ ಅದನ್ನು ಮನೆಯಲ್ಲೇ ಇಡಿ. ಮೆರವಣಿಗೆಗೆ ಒಯ್ಯುವ ಸಾಮಾನು ಅದಲ್ಲ.

ನಕಲು ಹೊಸದಲ್ಲ

ಅಸಲಿ ಅಲ್ಲವೋ ಎಂದು ಮುಖ ಬಾಡಿಸುವವರಿಗೆ ಈಗ ಉತ್ತರ ಹೇಳಬಹುದು. ಅಸಲಿ ಖಡ್ಗಗಳ ಕಾಲದಲ್ಲೇ ನಕಲು ಧಾರಾಳವಾಗಿ ನಡೆಯುತ್ತಿತ್ತು. ಡ್ಯಾನ್ಯೂಬ್ ತೀರದ ಪಾಸ್ಸಾವು ಊರಿನ ಕಮ್ಮಾರರು ತಮ್ಮ ಅಲಗುಗಳ ಮೇಲೆ ಓಡುವ ತೋಳದ ಗುರುತು ಹಾಕುತ್ತಿದ್ದರು. ಅದಕ್ಕೆ ಹೆಸರು ಬಂದದ್ದೇ ತಡ, ರೈನ್ ಸೀಮೆಯ ಸೋಲಿಂಗೆನ್ ಊರಿನವರೂ ತೋಳ ಹಾಕತೊಡಗಿದರು. ಆಂದ್ರೇಯಾ ಫೆರಾರಾ ಎಂಬ ಇಟಲಿಯ ಕುಶಲಕರ್ಮಿಯ ಹೆಸರು ಅವನು ಕಂಡೇ ಇರದ ಸಾವಿರಾರು ಅಲಗುಗಳ ಮೇಲಿದೆ. ಸ್ಕಾಟ್ಲೆಂಡಿನ ಖಡ್ಗಗಳಲ್ಲಂತೂ ಆ ಹೆಸರು ಸರ್ವಸಾಮಾನ್ಯ.

ಸೋಲಿಂಗೆನ್‌ನಲ್ಲಿ ಬಡಿಯುವವರು ಒಂದು ವೃತ್ತಿಸಂಘದಲ್ಲಿ, ಹದ ಹಾಕುವವರೂ ಸಾಣೆ ಹಿಡಿಯುವವರೂ ಇನ್ನೊಂದರಲ್ಲಿ ಇದ್ದರು. ವುಪರ್ ನದಿಯ ನೀರಿನಿಂದ ತಿರುಗುವ ಸಾಣೆಕಲ್ಲುಗಳು ಅಲ್ಲಿದ್ದವು. ಅಲಗು ಒಂದೂರಿನಲ್ಲಿ ಹುಟ್ಟಿ, ಹಿಡಿ ಇನ್ನೊಂದೂರಿನಲ್ಲಿ ಕೂಡುತ್ತಿತ್ತು. ಸಾಮಾನ್ಯ ಸವಾರನ ಖಡ್ಗ ಒಬ್ಬನ ಕೈಕೃತಿ ಆಗಿರಲೇ ಇಲ್ಲ. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ 1640ರ ದಶಕದಲ್ಲಿ ಕಟ್ಟಿದ ಆಯುಧಾಗಾರ ಇಂದಿಗೂ ಇದೆ; ಸುಮಾರು 32,000 ವಸ್ತುಗಳು ಅಲ್ಲಿವೆ. ತುರ್ಕರ ದಾಳಿಯ ಭಯದಲ್ಲಿ ಕೂಡಿಟ್ಟ ಕವಚ, ಬಂದೂಕು, ಖಡ್ಗಗಳು ಸಾಲುಸಾಲಾಗಿ ಅಟ್ಟಗಳ ಮೇಲಿವೆ. 1749ರಲ್ಲಿ ರಾಣಿ ಮರಿಯಾ ತೆರೇಸಾ ಅದನ್ನು ಮುಚ್ಚಲು ಹೊರಟಾಗ, ಪೂರ್ವಜರ ಶೌರ್ಯದ ನೆನಪಿಗೆ ಉಳಿಸಬೇಕೆಂದು ಆ ಪ್ರಾಂತದ ಪ್ರತಿನಿಧಿಗಳು ಬೇಡಿಕೊಂಡರು, ಅದು ಉಳಿಯಿತು.

ಈ ಅಲಗುಗಳ ದಾರಿ ನಮ್ಮ ಕರಾವಳಿಯ ತನಕವೂ ಬಂದಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಯುರೋಪಿನ ಅಲಗುಗಳು ಇಳಿದವು. ದಖ್ಖಣದಲ್ಲಿ ಅವಕ್ಕೆ ನಮ್ಮ ಖಂಡೆಯ ಮಾದರಿಯ ಹಿಡಿ ಕೂಡಿಸಿ, 'ಫಿರಂಗಿ' ಎಂದು ಕರೆದರು. ಫಿರಂಗಿ ಎಂದರೆ ನಮಗೆ ತೋಪು, ಘಟ್ಟದ ಮೇಲಿನವರಿಗೆ ಪರಂಗಿ ಎಂದರೆ ಪಪ್ಪಾಯಿ ಹಣ್ಣು. ಪರದೇಶದವರಿಂದ ಬಂದದ್ದೆಲ್ಲ ಒಂದೇ ಹೆಸರಿನಲ್ಲಿ! ವಿದೇಶೀ ಅಲಗಿಗೆ ಬೆಲೆ ಹೆಚ್ಚೆಂದು ಕಂಡಾಗ ಇಲ್ಲಿನ ಕಮ್ಮಾರರೂ ಯುರೋಪಿನ ಕುಡುಗೋಲಿನಂಥ ಗುರುತುಗಳನ್ನು ತಮ್ಮ ಅಲಗುಗಳಿಗೆ ಕೊರೆದರು. ಅಂದರೆ ಈ ಕೆಲಸದಲ್ಲಿ ನಾವೂ ಹಿಂದೆ ಬಿದ್ದವರಲ್ಲ.

ಮಳೆಗಾಲದ ಪರೀಕ್ಷೆ

ಆಸ್ಟ್ರಿಯಾದ ಅಟ್ಟದಲ್ಲಿ ನಾಲ್ಕು ನೂರು ವರ್ಷ ಬಾಳಿದ್ದು ನಮ್ಮ ಒಂದು ಆಟಿ ತಿಂಗಳು ತಡೆಯುವುದೇ ಕಷ್ಟ. ಕಡಲ ಗಾಳಿ, ಮೂರು ತಿಂಗಳ ಜಡಿಮಳೆ. ಮೊದಲ ವರ್ಷ ನಾವು ತೆಂಗಿನೆಣ್ಣೆ ಹಚ್ಚಿದೆವು, ಊರಿನ ಅಭ್ಯಾಸ. ಅದು ಕೆಲವು ವಾರಗಳಲ್ಲಿ ಅಂಟಾಗಿ, ಕಮಟಾಗಿ, ಅದರಡಿಯಲ್ಲೇ ತುಕ್ಕಿನ ಚುಕ್ಕೆಗಳು ಎದ್ದವು. ತೊಗಲಿನ ಒರೆಯಲ್ಲಿಟ್ಟದ್ದು ಎರಡನೆಯ ತಪ್ಪು. ತೊಗಲು ತೇವ ಹೀರಿ ಅಲಗಿಗೆ ಕುಡಿಸುತ್ತದೆ. ಈಗ ಒರೆ ಕಪಾಟಿನಲ್ಲಿ, ಖಡ್ಗ ಗಾಳಿಯಾಡುವ ಗೋಡೆಯಲ್ಲಿ. ಹೊಲಿಗೆ ಯಂತ್ರದ ಎಣ್ಣೆಯ ತೆಳ್ಳಗಿನ ಪದರ ಸಾಕು. ಮುಟ್ಟಿದವರ ಬೆರಳ ಬೆವರಿನಲ್ಲಿ ಉಪ್ಪಿರುತ್ತದೆ; ಅವರು ಗೇಟು ದಾಟಿದ ಕೂಡಲೇ ನಾವು ಬಟ್ಟೆ ಹಿಡಿದು ಏಳುವುದನ್ನು ಕಂಡು ಮನೆಯವರು ನಗುತ್ತಾರೆ.

ಒಂದು ಪ್ರಲೋಭನೆ

ಎರಡು ವರ್ಷದ ಹಿಂದೆ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಮರದ ಕಂಬಗಳನ್ನು ಹುಡುಕಿಕೊಂಡು ಬಂದಿದ್ದ. ಖಡ್ಗ ನೋಡಿ ಬಹಳ ಹೊತ್ತು ಸುಮ್ಮನಿದ್ದ. ಪ್ರತಿಕೃತಿಯೆಂದು ನಾವೇ ಹೇಳಿದೆವು. "ಅದು ನಿಮಗೂ ನನಗೂ ಗೊತ್ತು. ನಾಲ್ಕು ದಿನ ಉಪ್ಪುನೀರಿನಲ್ಲಿಟ್ಟು ಮಣ್ಣಲ್ಲಿ ಹೂತರೆ ಯಾರಿಗೂ ಗೊತ್ತಾಗುವುದಿಲ್ಲ. ಕೋಟೆಯ ಬುಡದಲ್ಲಿ ಸಿಕ್ಕಿತೆಂದು ಒಂದು ಮಾತು ಹೇಳಿ, ಹತ್ತುಪಾಲು ಕೊಡುತ್ತೇನೆ" ಎಂದ.

ಆ ತಿಂಗಳು ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿತ್ತು, ಅಡಿಕೆ ಇನ್ನೂ ಅಂಗಳದಲ್ಲಿತ್ತು. ಕೂಡಲೇ ಇಲ್ಲವೆಂದೆವು ಎಂದು ಬರೆದರೆ ಸುಳ್ಳಾದೀತು. ಒಂದು ರಾತ್ರಿ ಯೋಚಿಸಿದೆವು.

ಈ ವಿದ್ಯೆಯೂ ಹಳೆಯದೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮ್ಯೂನಿಕ್ ನಗರದ ಎರ್ನ್ಸ್ಟ್ ಶ್ಮಿಟ್ ಎಂಬಾತನ ಕಾರ್ಯಾಗಾರ ಹಳೆಯ ಕವಚ ಖಡ್ಗಗಳ ಅತ್ಯುತ್ತಮ ಪ್ರತಿಕೃತಿಗಳನ್ನು ಪ್ರತಿಕೃತಿಗಳೆಂದೇ ಹೇಳಿ ಮಾರುತ್ತಿತ್ತು. ಅದೇ ವಸ್ತುಗಳು ಕೈಯಿಂದ ಕೈಗೆ ಹೋಗುತ್ತಾ, ನಡುವೆ ಯಾರೋ ಒಬ್ಬರು ಸತ್ಯ ಹೇಳದೆ ಉಳಿದದ್ದರಿಂದ 'ಅಸಲಿ'ಗಳಾದವು. ಮಾಡಿದವನ ಕೈಯಲ್ಲಿ ಮೋಸವಿರಲಿಲ್ಲ. ಮೋಸ ಹುಟ್ಟಿದ್ದು ಮಾರಿದವನ ನಾಲಗೆಯಲ್ಲಿ. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ಕಳೆದ ವಸ್ತುಗಳ ವ್ಯಾಪಾರಕ್ಕೆ ಕಟ್ಟುಪಾಡು ಹಾಕಿದೆ. ಆದರೆ ಆ ರಾತ್ರಿ ನಮ್ಮನ್ನು ತಡೆದದ್ದು ಕಾಯ್ದೆಯಲ್ಲ. "ಹಳೆಯದನ್ನೇ ನೋಡಿ ಮಾಡಿದ್ದು" ಎಂದ ಆ ಮೊದಲ ಅಂಗಡಿಯಾತನ ಮುಖ ನೆನಪಾಯಿತು. ಅವನ ಒಂದು ಸಣ್ಣ ಸುಳ್ಳು ನಮ್ಮ ಬಾವಿಕಟ್ಟೆಯ ತನಕ ಹಾರಿ ಬಂದಿತ್ತು. ಬೆಳಿಗ್ಗೆ ವ್ಯಾಪಾರಿಗೆ ಕಾಫಿ ಕೊಟ್ಟು ಕಳುಹಿಸಿದೆವು. ಶುಲ್ಕ ಸಹಕಾರಿ ಬೇಂಕಿನ ಸಾಲದಿಂದ ಕಟ್ಟಿದ್ದಾಯಿತು.

ಅದೇ ವಾರ ಮಗಳು ಒಂದು ಕೆಲಸ ಮಾಡಿದಳು. ಗಟ್ಟಿ ಕಾಗದದ ಮೇಲೆ ಅಂದವಾದ ಅಕ್ಷರಗಳಲ್ಲಿ ಬರೆದು, ಗಾಜು ಹಾಕಿಸಿ ಖಡ್ಗದ ಕೆಳಗೆ ತೂಗಿಸಿದಳು: ಇದು ಪ್ರತಿಕೃತಿ, ಮೂಲ ಮಾದರಿ ಹದಿನಾರನೆಯ ಶತಮಾನದ ಜರ್ಮನ್ ಸವಾರರದ್ದು, ಮಾಡಿದ ವರ್ಷ 2018. ಮಾಡಿದವನ ಹೆಸರನ್ನೂ ಬರೆದಿದ್ದಾಳೆ.

ಆಯುಧಪೂಜೆಯ ದಿನ ಖಡ್ಗ ಗೋಡೆಯಿಂದ ಇಳಿದು ಮೆಟ್ಟುಕತ್ತಿ, ಹಾರೆ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಮನೆಯಾಕೆ ಎಲ್ಲಕ್ಕೂ ಕುಂಕುಮ ಇಟ್ಟು, ಕೊನೆಗೆ ಅದಕ್ಕೂ ಒಂದು ಬೊಟ್ಟು ಇಡುತ್ತಾಳೆ. ಸಂಜೆ ಆ ಕುಂಕುಮವನ್ನು ಒರೆಸಿ ಎಣ್ಣೆ ಹಚ್ಚುವುದು ಈಗ ಮಗಳ ಕೆಲಸ.